ಅಂಬುಜಾಳ ರಜೆಗೆ ಆದ ಖರ್ಚು

ರಾಜಾಜಿನಗರ, ಬೆಂಗಳೂರು
ಭಾನುವಾರ, ೨೭-೫-೧೯೭೩

ಸೌಭಾಗ್ಯವತಿ ವತ್ಸಲಾಳಿಗೆ ನಿನ್ನ ಅತ್ತೆಯ ಆಶೀರ್ವಾದ. ಕೂಸನ್ನು ಮಲಗಿಸಿ ಆಮೇಲೆ ಈ ಕಾಗದ ಓದು. ಇದರಲ್ಲಿರುವುದು ಬಾಣಂತಿ ಹಾಲು ಕುಡಿಸುತ್ತಾ ಓದುವಂಥದ್ದಲ್ಲ.

ಮೊದಲು ಖರ್ಚು ಬರೆದುಬಿಡುತ್ತೇನೆ. ಅದು ತಲೆಯಿಂದ ಇಳಿದರೆ ಉಳಿದದ್ದು ಬರೆಯಲು ಕೈ ಬರುತ್ತದೆ. ಇಬ್ಬರು ಮಕ್ಕಳ ಬೇಸಿಗೆ ಕ್ಲಾಸಿಗೆ ಫೀಜು ತಲೆಗೆ ಮೂರರಂತೆ ಆರು ರೂಪಾಯಿ. ಅಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡಿಕೊಡಲೆಂದು ಎರಡು ಸೇರು ರವೆ, ನನ್ನ ಗಿರಣಿಯದೇ. ಕೈ ಉಜ್ಜಲು ಐದು ಸೋಪು. ಅಂಬುಜಾಳ ಹಳದಿ ಫ್ರಾಕು ಒಂದು, ನಾಣಿಯ ಚಡ್ಡಿ ಎರಡು. ಸೋಡಾ ಹಾಕಿ ಕುದಿಸಿದರೂ ಕರೆ ಬಿಡದೆ ಈಗ ಒಲೆ ಒರೆಸುವ ಬಟ್ಟೆಯಾಗಿವೆ. ಕೆಟ್ಟುಹೋದ ಮಾಲಿನ ದಂಡ ನಾಲ್ಕೂಕಾಲು ರೂಪಾಯಿ. ಪಕ್ಕದ ಮನೆ ಬಸವರಾಜೇಶ್ವರಿಯ ಜೊತೆಗಿದ್ದ ಒಂಬತ್ತು ವರ್ಷದ ಮಾತುಕತೆ. ಹೆತ್ತ ಮಗನ ಮೇಲೆ ನನಗಿದ್ದ ಗೌರವ; ಅದರ ಬೆಲೆ ಎಷ್ಟೆಂದು ಹಾಕಲು ನನಗೆ ಬರುತ್ತಿಲ್ಲ.

ಅಂಬುಜಾಳ ಐದನೇ ಕ್ಲಾಸಿನ ಸೀಟು ಏನಾಯಿತು ಎಂದು ಎರಡು ಕಾಗದದಲ್ಲಿ ಕೇಳಿದ್ದೀಯ. ಒಂದೇ ಮಾತಿನಲ್ಲಿ ಉತ್ತರ ಬರೆಯಬಹುದಿತ್ತು. ಆದರೆ ಆ ಮಾತಿಗೆ ಬರುವ ಮೊದಲು ಇಲ್ಲಿ ನಡೆದದ್ದು ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದು.

ಹೆರಿಗೆಗೆ ಕುಣಿಗಲ್ಲಿಗೆ ಹೊರಡುವ ಹಿಂದಿನ ದಿನ ಕ್ಯಾಲೆಂಡರಿನ ಹಾಳೆಯ ಹಿಂದೆ ಮಕ್ಕಳ ರಜೆಯ ಟೈಮ್ ಟೇಬಲ್ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೆಯಲ್ಲ, ಎಂಟಕ್ಕೆ ಕಾಪಿ, ಒಂಬತ್ತಕ್ಕೆ ಮಗ್ಗಿ, ಹತ್ತಕ್ಕೆ ಕಾಗದದ ದೋಣಿ, ಊಟ ಆದ ಮೇಲೆ ಚೌಕಾಬಾರ, ಬಿಸಿಲಿಗೆ ಬಿಡಬಾರದು ಎಂದು. ಓದಿ ಸಂತೋಷಪಟ್ಟೆ. ಆದರೆ ಹಾಳೆ ಬರೆದವಳು ಊರಿಗೆ ಹೋದಳು, ಮಕ್ಕಳು ನನ್ನ ಕೈಗೆ ಬಂದವು. ಕರೆಂಟು ಈಗ ದಿನಕ್ಕೆ ನಾಲ್ಕೇ ಗಂಟೆ, ಹತ್ತರಿಂದ ಎರಡು. ಅಷ್ಟರೊಳಗೆ ಇಡೀ ಬೀದಿಯ ರಾಗಿ, ಗೋಧಿ ಬೀಸಬೇಕು. ಬೆಲ್ಟು ತಿರುಗುತ್ತಿರುವ ಗಿರಣಿಯಲ್ಲಿ ಆರು ವರ್ಷದ ನಾಣಿಯನ್ನು ಕೂರಿಸಿಕೊಂಡು ನಾನು ಯಾವ ದೋಣಿ ಮಾಡಲಿ?

ಹೀಗಿರುವಾಗ ಬಸವರಾಜೇಶ್ವರಿಯೇ ಬಂದಳು. ಅವಳು ಟೀಚರ್ ಟ್ರೈನಿಂಗು ಅರ್ಧಕ್ಕೆ ಬಿಟ್ಟವಳು ಎಂಬುದು ನಿನಗೆ ಗೊತ್ತು; ಆ ಅರ್ಧವನ್ನೇ ಇಷ್ಟು ವರ್ಷ ಪೂರ್ತಿಯಂತೆ ಆಡಿಕೊಂಡು ಬಂದಿದ್ದಾಳೆ. "ನಮ್ಮನೆ ಪಡಸಾಲೇಲಿ ಮಕ್ಕಳಿಗೆ ಕ್ಲಾಸ್ ಮಾಡ್ತೀನಿ ಅಮ್ಮಾ, ಹತ್ತರಿಂದ ಒಂದು. ಕೈಗೆ ಕೆಲಸ ಕೊಟ್ರೆ ಬೆರಳು ಹದ ಆಗುತ್ತೆ, ಬೆರಳು ಹದ ಆದ್ರೆ ಅಕ್ಷರ ಮುತ್ತು ಪೋಣಿಸ್ದಂಗೆ ಬರುತ್ತೆ" ಎಂದಳು. ಬೀದಿಯಲ್ಲಿ ಆ ಮಾತಿಗೆ ಬೀಳದ ತಾಯಿ ಇರಲಿಲ್ಲ. ಮಗುವಿನ ಬುದ್ಧಿ ಹೇಗಾದರೂ ಇರಲಿ, ಅಕ್ಷರ ದುಂಡಗಿದ್ದರೆ ಸಾಕು, ಕ್ಲಾರ್ಕ್ ಕೆಲಸ ಕಾದಿರುತ್ತದೆ ಎಂದು ನಂಬಿದ ಬೀದಿ ಇದು. ಐದು ಮನೆಯ ಒಂಬತ್ತು ಮಕ್ಕಳು ಸೇರಿದರು. ಮೊದಲ ವಾರ ಕಾಗದದ ಹೂವು, ರಂಗೋಲಿ, ಕಥೆ. ಅದರಲ್ಲಿ ಸುಳ್ಳಿರಲಿಲ್ಲ.

ಎರಡನೇ ವಾರದಲ್ಲಿ ಅಂಬುಜಾ ಊಟಕ್ಕೆ ಕುಳಿತಾಗ ಅವಳ ಅಂಗೈ ನೋಡಿದೆ. ರೇಖೆಗಳಲ್ಲೆಲ್ಲ ಕಪ್ಪು. ಉಗುರಿನ ಸಂದಿಯಲ್ಲಿ ಕಪ್ಪು. ನಾಣಿಯ ಸಿಂಬಳ ಒರೆಸಿದರೆ ಅದೂ ಕಪ್ಪು. ಏನೇ ಇದು ಎಂದರೆ, "ಮಣ್ಣಿನ ಕೆಲಸ ಅಜ್ಜಿ, ಮಿಸ್ಸು ಹೇಳ್ಕೊಡ್ತಾರೆ. ಕಡ್ಡಿಗೆ ಕರೀ ಮಣ್ಣು ಸುತ್ತೋದು" ಎಂದಳು.

ವತ್ಸಲಾ, ನಿನಗೆ ಸುಳ್ಳು ಬರೆಯುವುದಿಲ್ಲ. ಕೈಯನ್ನು ಮೂಗಿನ ಹತ್ತಿರ ತಂದ ತಕ್ಷಣ ನನಗೆ ಗೊತ್ತಾಯಿತು. ನಿನ್ನ ಗಂಡ ಚನ್ನಕೇಶವ ಕೈಗೂಸಾಗಿದ್ದಾಗ, ಅವನಪ್ಪ ತೀರಿಕೊಂಡ ಮೇಲೆ, ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ನಾಲ್ಕು ವರ್ಷ ಊದುಬತ್ತಿ ಹೊಸೆದವಳು ನಾನು. ಇದ್ದಿಲ ಪುಡಿಗೆ ಅಂಟಿನ ಪುಡಿ ಸೇರಿಸಿ ಕಲಸಿದ ಆ ಕರಿಯ ಕಣಕವನ್ನು ಮಣೆಯ ಮೇಲೆ ಕಡ್ಡಿಗೆ ಉರುಳಿಸಿ ಉರುಳಿಸಿ, ಗಿರಣಿಗೆ ಮುಂಗಡ ಕಟ್ಟಿದ್ದು ಆ ಕಾಸಿನಿಂದಲೇ. ಕಡ್ಡಿ ಹೊಸೆಯುವುದು ಹೇಸಿಗೆಯ ಕೆಲಸವೆಂದು ನಾನು ಎಂದೂ ಅನ್ನುವುದಿಲ್ಲ. ಹೇಸಿಗೆ ಬೇರೆ ಕಡೆ ಇದೆ. ಕೂಲಿಗೆ ಹೋಗುವವಳು ಕೂಲಿ ಪಡೆದು ಹೊಸೆಯುತ್ತಾಳೆ. ನಾವು ಮಾತ್ರ ತಿಂಗಳಿಗೆ ಮೂರು ರೂಪಾಯಿ ಕೊಟ್ಟು, ಮೇಲೆ ರವೆ ಕೊಟ್ಟು, ಮಕ್ಕಳ ಕೈಯಲ್ಲಿ ಹೊಸೆಸಿದೆವು. ಇಂಥ ಬುದ್ಧಿವಂತರು ಬೇರೆಲ್ಲೂ ಹುಟ್ಟಿರಲಾರರು.

ಗೊತ್ತಾದ ಮೇಲೆ ನಾನೇನು ಮಾಡಿದೆ? ಸುಮ್ಮನಿದ್ದೆ. ಹತ್ತರಿಂದ ಒಂದರವರೆಗೆ ಗಿರಣಿಯಲ್ಲಿ ಕಾಲಿಗೆ ಮಕ್ಕಳು ಅಡ್ಡ ಬರುತ್ತಿರಲಿಲ್ಲ. ಆ ಮೂರು ಗಂಟೆಯ ನೆಮ್ಮದಿಗೆ ನನ್ನ ಬಾಯಿ ಕಟ್ಟಿಹೋಯಿತು. ಇನ್ನೂ ಒಂದಿದೆ. ಮಾಲು ತಂದು ಹಾಕಿ, ಕಡ್ಡಿ ಎಣಿಸಿ ಒಯ್ಯುವ ಏಜೆಂಟು ಕೆಂಚಪ್ಪ ಒಂದು ದಿನ ಗಿರಣಿಯ ಮುಂದೆ ಸೈಕಲ್ಲು ನಿಲ್ಲಿಸಿ, "ಅಮ್ಮಾರೇ, ನಿಮ್ಮ ಮೊಮ್ಮಗಳ ಕೈಯಿ ಕೈಯಲ್ಲ, ಮಿಷನ್ನು. ಒಂದು ಕಡ್ಡಿ ದಪ್ಪ ಇಲ್ಲ, ಒಂದು ಸಣ್ಣ ಇಲ್ಲ" ಎಂದ. ನನಗೆ ಸಿಟ್ಟು ಬರಬೇಕಿತ್ತು. ಹೆಮ್ಮೆ ಬಂತು. ಹಿಟ್ಟಿಗೆ ಬಂದವರಿಗೆಲ್ಲ ನಮ್ಮ ಅಂಬುಜಾ ಮಧ್ಯಾಹ್ನದೊಳಗೆ ಆರುನೂರು ಕಡ್ಡಿ ಹೊಸೆಯುತ್ತಾಳೆ ಎಂದು ಹೇಳಿಕೊಂಡೆ. ಮೆಟ್ಟು ತೆಗೆದು ನನ್ನ ಬಾಯಿಗೇ ಹೊಡೆದುಕೊಳ್ಳಬೇಕು.

ಮೇ ಮೊದಲ ವಾರ ಬಸವರಾಜೇಶ್ವರಿಯ ಕೈಗೆ ಕೆಂಚಪ್ಪ ನೋಟು ಎಣಿಸುವುದನ್ನು, ಮಗನನ್ನು ಅದೇ ಕ್ಲಾಸಿಗೆ ಕಳಿಸುತ್ತಿದ್ದ ಎದುರು ಮನೆ ಲಕ್ಷ್ಮೀಪತಿಯ ಹೆಂಡತಿ ಕಣ್ಣಾರೆ ನೋಡಿದಳು. ಸಂಜೆ ಲಕ್ಷ್ಮೀಪತಿಯ ಜಗುಲಿಯಲ್ಲಿ ಎಲ್ಲ ಮನೆಯವರೂ ಸೇರಿದರು. ಆಫೀಸಿನಲ್ಲಿ ಫೈಲು ನೋಡುವ ಗಂಡಸಲ್ಲವೇ, ಅವನೇ ನ್ಯಾಯಾಧೀಶ. "ಮಕ್ಕಳ ಕೈಲಿ ದುಡಿಸ್ಕೊಳ್ಳೋದು ಕಾನೂನಿಗೆ ವಿರುದ್ಧ ಕಣ್ರೀ. ಪೊಲೀಸಿಗೆ ಕೊಡಬಹುದು" ಎಂದು ಕನ್ನಡಕ ಒರೆಸಿದ. ಬಸವರಾಜೇಶ್ವರಿ ಅಳಲಿಲ್ಲ. ಅವಳ ಗಂಡನಿಗೆ ಫ್ಯಾಕ್ಟರಿ ಬಾಗಿಲು ಮುಚ್ಚಿ ಎರಡು ತಿಂಗಳಾಗಿದೆಯಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. "ಮಕ್ಕಳ್ನ ಮೂರು ಗಂಟೆ ಅಲ್ಲಾಡದಂಗೆ ಕೂರ್ಸಿ ಅಂದ್ರಿ, ಕೂರ್ಸಿದೀನಿ. ಯಾರಾದ್ರೂ ಒಬ್ರು ಬಾಗಿಲಿಗೆ ಬಂದು ಏನ್ ಕಲಿಸ್ತಿದೀಯ ಅಂತ ಕೇಳಿದ್ರಾ?" ಎಂದಳು. ಆ ಒಂದು ಘಳಿಗೆ ನನಗೆ ಅವಳ ಮೇಲೆ ಗೌರವ ಬಂತು.

ಆಮೇಲೆ ಲಕ್ಷ್ಮೀಪತಿ ಕನ್ನಡಕ ಹಾಕಿಕೊಂಡು, "ಅದಿರಲಿ, ಸಾವಿರಕ್ಕೆ ಎಷ್ಟು ಕೊಡ್ತಾನೆ?" ಎಂದ.

ಒಂದು ರೂಪಾಯಿ ಎಂದಳು.

ಅಷ್ಟೆ, ಪೊಲೀಸು ಎಲ್ಲೋ ಹೋದರು, ಕಾನೂನು ಎಲ್ಲೋ ಹೋಯಿತು. "ನಮ್ಮ ಮಗ ಎಷ್ಟು ಹೊಸೆದ?" "ನಮ್ಮವಳದ್ದು ಬೇರೆ ಎಣಿಸಿದ್ರೋ, ಒಟ್ಟಿಗೇ ಎಣಿಸಿದ್ರೋ?" "ಹದಿನೈದು ದಿನದ್ದು ನಮಗೆ ಬರಬೇಕಲ್ವೇನ್ರೀ?" ಅರ್ಧ ಗಂಟೆ ಹಾಗೇ ನಡೆಯಿತು. ಮಕ್ಕಳ ಎದೆಗೆ ಹೋದ ಇದ್ದಿಲ ಧೂಳಿನ ವಿಷಯ ಯಾರೂ ಎತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಕೆಂಚಪ್ಪನ ಸೈಕಲ್ಲು ಲಕ್ಷ್ಮೀಪತಿಯ ಗೇಟಿನ ಮುಂದಿತ್ತು. "ಮಾಲು ಮನೆಮನೆಗೇ ಹಾಕ್ಬಿಟ್ರೆ ನಂಗೂ ಸಲೀಸು ಸ್ವಾಮಿ, ನಡುವೆ ಯಾರೂ ಬೇಡ" ಎಂದು ಹಲ್ಲು ಕಿಸಿಯುತ್ತಿದ್ದ. ಬಸವರಾಜೇಶ್ವರಿಯನ್ನು ಕಳ್ಳಿ ಎಂದು ಬೀದಿಯಲ್ಲಿ ನಿಲ್ಲಿಸಿದ ಐದು ಮನೆಗಳಲ್ಲಿ ನಾಲ್ಕು ಮನೆ ಅವಳು ಮಾಡಿದ ಕೆಲಸವನ್ನೇ ಹಿಡಿದವು. ಥೂ ಎಂದು ಉಗಿಯಬೇಕೆನಿಸಿತು. ಯಾರ ಮನೆ ಮುಂದೆ ಉಗಿಯಲಿ? ನಾಲ್ಕರಲ್ಲಿ ಒಂದು ನಮ್ಮದು.

ಹೌದು, ನಿನ್ನ ಗಂಡ. ಅವನ ಫ್ಯಾಕ್ಟರಿಯಲ್ಲೂ ವಾರಕ್ಕೆ ಮೂರೇ ದಿನ ಕೆಲಸ, ಅರ್ಧ ಸಂಬಳ. ಅದನ್ನು ನಿನಗೆ ಬರೆಯಬೇಡವೆಂದಿದ್ದ, ನಾನೂ ಬರೆದಿರಲಿಲ್ಲ. ಅಂಬುಜಾಳಿಗೆಂದೇ ಒಂದು ಹೊಸ ಮಣೆ ತಂದ. ಮಗಳಿಗೆ ಸ್ಲೇಟು ಬೇಕೆಂದಾಗ ತಾರದವನು ಮಣೆ ತಂದ. ಬೆಳಿಗ್ಗೆ ಏಳಕ್ಕೆ ಕೂತರೆ ಹುಡುಗಿ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. ನಾಣಿ ಎರಡು ದಿನ ಹೊಸೆದು, ಮೂರನೇ ದಿನ ಆ ಕಣಕದಲ್ಲಿ ಎಮ್ಮೆ ಮಾಡಿದ, ಅವನನ್ನು ಬಿಟ್ಟುಬಿಟ್ಟರು. ಕೆಲಸಕ್ಕೆ ಬಾರದವನಿಗೆ ಮಾತ್ರ ರಜೆ. ನೀನು ಬರೆದ ಟೈಮ್ ಟೇಬಲ್ಲಿನ ಮೇಲೆ, ಮಗ್ಗಿ ಎಂದು ಬರೆದ ಪಕ್ಕದಲ್ಲಿ, ಚನ್ನಕೇಶವ ಪೆನ್ಸಿಲಿನಲ್ಲಿ ದಿನದ ಲೆಕ್ಕ ಬರೆಯತೊಡಗಿದ. ಸೋಮವಾರ ಎರಡು ಸಾವಿರ. ಮಂಗಳವಾರ ಎರಡು ಸಾವಿರದ ನಾನೂರು.

ಮಧ್ಯಾಹ್ನ ಉಂಡು ಹತ್ತು ನಿಮಿಷ ಒರಗಿದರೆ ನಿದ್ದೆಯಲ್ಲೂ ಅವಳ ಬೆರಳು ಚಾಪೆಯ ಮೇಲೆ ಹೊಸೆಯುತ್ತಿದ್ದವು. ಆದರೆ ಹುಡುಗಿ ಅತ್ತಳು ಎಂದುಕೊಳ್ಳಬೇಡ. ಅಳಲಿಲ್ಲ, ಅದೇ ನನ್ನ ಸಂಕಟ. "ಅಜ್ಜಿ, ಬೀದಿಗೆಲ್ಲ ನಂದೇ ಫಸ್ಟಂತೆ, ಕೆಂಚಪ್ಪ ಮಾಮ ಹೇಳ್ದ" ಎಂದು ಮುಖ ಅರಳಿಸಿಕೊಂಡು ಬಂದಳು. ನಾಲ್ಕು ವರ್ಷ ಸ್ಕೂಲಿನಲ್ಲಿ ಹದಿನೇಳನೆಯವಳೋ ಇಪ್ಪತ್ತನೆಯವಳೋ ಆಗಿದ್ದ ಮಗು. ಮೊದಲನೆಯವಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಹದಿನೆಂಟನೇ ತಾರೀಖು ಸೀಟಿನ ವಿಷಯ ಎತ್ತಿದೆ. ಮೂವತ್ತೊಂದರೊಳಗೆ ಅರ್ಜಿ ಕೊಡದಿದ್ದರೆ ಮಿಡ್ಲ್ ಸ್ಕೂಲಿನಲ್ಲಿ ಜಾಗವಿಲ್ಲ. ಹಳೆಯ ಸ್ಕೂಲಿನ ಟಿ.ಸಿ. ಚನ್ನಕೇಶವನ ಟ್ರಂಕಿನಲ್ಲಿತ್ತು. "ಒಂದು ವರ್ಷ ತಡೀಲಿ ಬಿಡಮ್ಮ. ಓದಿ ಕಲೆಕ್ಟರ್ ಆಗ್ಬೇಕಾ?" ಎಂದ. ಒಂದು ವರ್ಷ ಮನೆಯಲ್ಲಿ ಕೂತ ಹೆಣ್ಣುಮಗು ಮತ್ತೆ ಸ್ಕೂಲಿಗೆ ಹೋದದ್ದನ್ನು ನಾನು ಕಂಡಿಲ್ಲ, ಹಾಗೆಂದೇ ಹೇಳಿದೆ. ಅದಕ್ಕೆ ಅವನು, "ನೀನು ಓದಿದ್ದು ಎರಡನೇ ಕ್ಲಾಸು. ಗಿರಣಿ ನಡೆಸ್ತಿಲ್ವಾ?" ಎಂದ.

ಊರಿಗೆಲ್ಲ ನಾನು ಕೈಯಾರೆ ಮೇಲೆ ಬಂದ ಕಥೆಯನ್ನು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನಲ್ಲ, ಅದೇ ಕಥೆಯನ್ನು ಮಗ ತಿರುಗಿಸಿ ನನ್ನ ಮುಖಕ್ಕೆ ಹಿಡಿದ. ಕೊನೆಗೆ, ಅವಳು ದಿನಕ್ಕೆ ತರುವ ಎರಡು ರೂಪಾಯಿ ನಾನೇ ಕೊಡುತ್ತೇನೆ, ಸಹಿ ಹಾಕು ಎಂದೆ. "ಗಂಡಸಾಗಿ ನಿನ್ನ ಕೈ ನೋಡ್ಲಾ?" ಎಂದ. ತಾಯಿಯ ಕೈ ನೋಡಲು ಅವನಿಗೆ ನಾಚಿಕೆ, ಹತ್ತು ವರ್ಷದ ಮಗಳ ಕೈ ನೋಡಲು ನಾಚಿಕೆ ಇಲ್ಲ. ಇವನಿಗೆ ನಾನೇ ಎದೆಹಾಲು ಕೊಟ್ಟೆನೇ ಎಂದು ಎರಡು ದಿನ ಊಟ ಸೇರಲಿಲ್ಲ. ಸ್ಕೂಲಿಗೆ ಹೋಗಿ ನಾನೇ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕುತ್ತೇನೆ ಎಂದು ಕೇಳಿದೆ. ಅಪ್ಪ ಬದುಕಿರುವಾಗ ಅಜ್ಜಿಯ ಸಹಿ ನಡೆಯುವುದಿಲ್ಲ, ಟಿ.ಸಿ. ಇಲ್ಲದೆ ಏನೂ ನಡೆಯುವುದಿಲ್ಲ ಎಂದರು.

ಆಮೇಲೆ ಕಳೆದ ಬುಧವಾರ ಕೆಂಚಪ್ಪ ಬಂದು ಅಂಬುಜಾಳ ಕಟ್ಟು ಎತ್ತಿ ಕೊಡವಿದರೆ ಕರಿಯ ಚೂರು ಉದುರಿದವು. ಒಣಗಿದ ಕಡ್ಡಿಯೆಲ್ಲ ಬಿರುಕು ಬಿಟ್ಟಿದ್ದವು. ಬಿಸಿಲು ಹೆಚ್ಚಾಯಿತೋ ನೀರು ಹೆಚ್ಚಾಯಿತೋ ಯಾರಿಗೂ ತಿಳಿಯಲಿಲ್ಲ. "ಏನ್ ಮಗಾ, ಕೈ ಎಲ್ಲಿಟ್ಟಿದ್ದೆ?" ಎಂದು ನಗುತ್ತಲೇ ಹೋದ. ಗುರುವಾರವೂ ಹಾಗೇ. ನಗಲಿಲ್ಲ. ಶುಕ್ರವಾರ ಬೀದಿಯಲ್ಲೇ ನಿಂತು ಮೂರು ಕಟ್ಟು ಮುರಿದು ಚರಂಡಿಗೆ ಎಸೆದ. "ದೃಷ್ಟಿ ಆಯ್ತೋ ಏನೋ, ಈ ಹುಡುಗಿ ಕೈ ಕೆಟ್ಟೋಯ್ತು ಕಣ್ರೀ. ನನ್ನ ಮಾಲಿನ ದುಡ್ಡು ಕೊಡಿ" ಎಂದು ನಾಲ್ಕೂಕಾಲು ರೂಪಾಯಿ ವಸೂಲಿ ಮಾಡಿ, ಚೀಲ ಎತ್ತಿಕೊಂಡು ಹೋದ. ಲಕ್ಷ್ಮೀಪತಿಯ ಹೆಂಡತಿ ಗೇಟಿನಲ್ಲಿ ನಿಂತು ನೋಡಿ ಒಳಗೆ ಹೋದಳು. ಇನ್ನು ಅವಳ ಮಗನೇ ಫಸ್ಟು.

ಅಂಬುಜಾ ಚರಂಡಿಯ ಅಂಚಿನಲ್ಲಿ ಕೂತು ಮುರಿದ ಕಡ್ಡಿಗಳನ್ನು ಒಂದೊಂದೇ ಎತ್ತಿ ನೋಡುತ್ತಿದ್ದಳು. "ಸರಿಯಾಗೇ ಮಾಡ್ದೆ ಅಪ್ಪಾ, ಆಣೆ, ಸರಿಯಾಗೇ ಮಾಡ್ದೆ" ಎಂದಳು. "ದುಡ್ಡು ನುಂಗಿದ್ಯಲ್ಲೇ" ಎಂದು ಅವನು ಒಳಗೆ ಹೋದ. ಹೊಡೆಯಲಿಲ್ಲ, ಅಷ್ಟು ಮಟ್ಟಿಗೆ ಮನುಷ್ಯ.

ನಿನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಇನ್ನೇನ್ ಮಾಡೋದು, ಕೈಕೆಲಸಕ್ಕಂತೂ ಆಗ್ಲಿಲ್ಲ, ಸ್ಕೂಲಿಗಾದ್ರೂ ಹೋಗ್ಲಿ" ಎಂದು ಟ್ರಂಕು ತೆಗೆದ. ನಾನು ಲೋಟ ಕೆಳಗಿಟ್ಟು ಪೆನ್ನು ಕೊಟ್ಟೆ. ಸಹಿಯಾಯಿತು. ಹನ್ನೊಂದು ಗಂಟೆಗೆ ಗಿರಣಿ ನಿಲ್ಲಿಸಿ ನಾನೇ ಕರೆದುಕೊಂಡು ಹೋಗಿ ಅರ್ಜಿ ಕೊಟ್ಟು ಬಂದೆ. ಐದನೇ ಕ್ಲಾಸು, ಬಿ ಸೆಕ್ಷನ್ನು. ಇದೇ ಆ ಒಂದು ಮಾತಿನ ಉತ್ತರ. ಅರ್ಜಿಯಲ್ಲಿ ಹೆಸರು ಬರಿ ಎಂದರೆ ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ನಾನೇ ಬರೆದೆ.

ನೀನು ಅವಳಿಗೆಂದೇ ಬೇರೆ ಒಂದು ಕಾರ್ಡು ಬರಿ. ತಮ್ಮನ ಕಣ್ಣು ಯಾರ ಹಾಗಿದೆ, ರಾತ್ರಿ ಎಷ್ಟು ಅಳುತ್ತಾನೆ, ಅವನಿಗೆ ಅಕ್ಕನ ಕೈಯಲ್ಲಿ ಟೋಪಿ ಹೊಲಿಸಬೇಕು ಎಂದು ಏನಾದರೂ ಬರಿ. ಚನ್ನಕೇಶವನಿಗೆ ಮಾತ್ರ ಏನೂ ಬರೆಯಬೇಡ. ಅವನು ತಾನು ಒಳ್ಳೆಯ ತಂದೆ ಎಂದುಕೊಂಡಿದ್ದಾನೆ, ಸಹಿ ಹಾಕಿದ್ದಾನಲ್ಲ. ಬಸವರಾಜೇಶ್ವರಿ ಮನೆ ಖಾಲಿ ಮಾಡಿಕೊಂಡು ತುಮಕೂರಿಗೆ ಹೋದಳು. ಹೋಗುವ ಮುನ್ನ ಐದು ಮನೆಗೂ ಹೋಗಿ ಫೀಜು ವಾಪಸು ಇಟ್ಟಳಂತೆ. ನಮ್ಮ ಬಾಗಿಲಿಗೆ ಬಂದಾಗ ನಾನು ಗಿರಣಿಯಲ್ಲಿದ್ದೆ, ಚನ್ನಕೇಶವ ಎಣಿಸಿ ತೆಗೆದುಕೊಂಡ. ಹಾಗಾಗಿ ಮೇಲಿನ ಲೆಕ್ಕದಲ್ಲಿ ಆರು ರೂಪಾಯಿ ಹೊಡೆದುಹಾಕು. ಹೊಡೆದುಹಾಕಲು ನನಗೆ ಮನಸ್ಸು ಬರಲಿಲ್ಲ.

ಮಕ್ಕಳನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿ, ನೋಡಿಯೂ ಸುಮ್ಮನಿದ್ದ
ನಿನ್ನ ಅತ್ತೆ,
ಚಿಕ್ಕಲಕ್ಷ್ಮಮ್ಮ

ತಾ.ಕ.: ಕಾಗದ ಮಡಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ನಿಮ್ಮಪ್ಪನವರು ಕಾಗದವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಈ ತುಂಡನ್ನು ಹರಿದುಕೊಂಡು ನೀನೊಬ್ಬಳೇ ಓದು.

ಕಡ್ಡಿ ಏಕೆ ಬಿರುಕು ಬಿಟ್ಟಿತೆಂದು ಯಾರಿಗೂ ತಿಳಿಯಲಿಲ್ಲ ಎಂದು ಬರೆದೆನಲ್ಲ, ಸುಳ್ಳು. ಮಂಗಳವಾರವೇ ಅಂಬುಜಾಳನ್ನು ಕೂರಿಸಿಕೊಂಡು, ಎರಡು ದಿನ ಕೆಟ್ಟದಾಗಿ ಹೊಸಿ ಮಗಳೇ, ಅವನೇ ಬಿಟ್ಟುಹೋಗ್ತಾನೆ ಎಂದು ಹೇಳಿದೆ. "ಕೆಟ್ಟದಾಗಿ ಮಾಡೋಕೆ ನಂಗೆ ಬರಲ್ಲ ಅಜ್ಜಿ" ಎಂದಳು. ನಿಜವಾಗಿ ಬರುತ್ತಿರಲಿಲ್ಲ. ಆದ್ದರಿಂದ ಮೂರು ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಗಿರಣಿಯ ನೆಲ ಗುಡಿಸಿದ ಹಿಟ್ಟು ಎರಡೆರಡು ಬೊಗಸೆ ಅವಳ ಕಣಕದ ಪುಡಿಗೆ ಬೆರೆಸಿ ಇಟ್ಟೆ. ಹಿಟ್ಟು ಬಿದ್ದರೆ ಅಂಟು ಹಿಡಿಯುವುದಿಲ್ಲ, ಒಣಗಿದರೆ ಸಿಡಿಯುತ್ತದೆ; ಆ ಶೆಡ್ಡಿನಲ್ಲಿ ಕಲಿತದ್ದು. ಅವಳು ಚರಂಡಿಯ ಅಂಚಿನಲ್ಲಿ ಆಣೆ ಹಾಕುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಅವಳಿಗೆ ಹೇಳಿದರೆ ಅಪ್ಪನಿಗೆ ಹೇಳುತ್ತಾಳೆ, ಅಪ್ಪ ಹೋಗಿ ಟಿ.ಸಿ. ವಾಪಸು ಕೇಳುತ್ತಾನೆ. ಸ್ಕೂಲು ಅವಳಿಗೆ ರೂಢಿಯಾಗುವವರೆಗೆ ಹೇಳುವ ಹಾಗಿಲ್ಲ. ಆಮೇಲೆ ಹೇಳುವ ಧೈರ್ಯ ನನಗೆ ಇರುತ್ತದೋ ಇಲ್ಲವೋ, ಇಲ್ಲದಿದ್ದರೆ ನೀನು ಹೇಳು.

ಯಾರಿಗೆ ಏನು ದಕ್ಕಿತು ಎಂದರೆ: ಕೆಂಚಪ್ಪನಿಗೆ ನಡುವೆ ಯಾರೂ ಇಲ್ಲದ ಮೂರು ಮನೆ. ಲಕ್ಷ್ಮೀಪತಿಗೆ ದಿನಕ್ಕೆ ಒಂದೂವರೆ ರೂಪಾಯಿ. ಬಸವರಾಜೇಶ್ವರಿಗೆ ಕಳ್ಳಿ ಎಂಬ ಹೆಸರು. ಚನ್ನಕೇಶವನಿಗೆ ಒಂದು ಮಣೆ, ಅದನ್ನು ಅವನು ಸ್ನಾನಕ್ಕೆ ಕೂರಲು ಹಾಕಿಕೊಂಡಿದ್ದಾನೆ. ನಾಣಿಗೆ ರಜೆ. ನನಗೆ, ಬೇಕೆಂದದ್ದು. ಅಂಬುಜಾಗೆ ಐದನೇ ಕ್ಲಾಸು, ಬಿ ಸೆಕ್ಷನ್ನು, ಮತ್ತು ತನ್ನ ಕೈ ಕೆಟ್ಟಿದೆ ಎಂಬ ನಂಬಿಕೆ.